ಕೊಂಡ ರೊಟ್ಟಿಯ ಋಣ

ಗದುಗಿನಲ್ಲಿ ಹುಟ್ಟಿ ಗದುಗಿನಲ್ಲಿಯೇ ತಲೆ ನರೆಯಿಸಿಕೊಂಡ ಮನುಷ್ಯನೊಬ್ಬನು ಜೋಳದ ರೊಟ್ಟಿಯನ್ನು ಆರಿಸಲು ಬಾರದೆ ಕಿರಾಣಿ ಅಂಗಡಿಯ ಮುಂದೆ ಪೆಚ್ಚಾಗಿ ನಿಂತನೆಂದರೆ ಯಾರಿಗಾದರೂ ನಗೆ ಬಂದೀತು. ಆ ಮನುಷ್ಯನು ನಾನೇ ಆದುದರಿಂದ ನಗುವವರ ಮೇಲೆ ಸಿಟ್ಟಾಗುವ ಅಧಿಕಾರ ನನಗಿಲ್ಲ. ಅರವತ್ತೈದು ವರ್ಷಗಳಿಂದ ರೊಟ್ಟಿಯನ್ನು ಉಂಡಿದ್ದೇನೆ. ರೊಟ್ಟಿಯ ಹಿರಿಮೆಯನ್ನು ಕುರಿತು ಶಾಲೆಯ ಹುಡುಗರ ಮುಂದೆ ಭಾಷಣವನ್ನೂ ಮಾಡಿದ್ದೇನೆ. ಆದರೆ ಎರಡು ಕಟ್ಟು ರೊಟ್ಟಿಯನ್ನು ಎದುರಿಗಿಟ್ಟು ‘ಇವುಗಳಲ್ಲಿ ಒಳ್ಳೆಯವು ಯಾವುವು?’ ಎಂದು ಕೇಳಿದರೆ ಆ ಪರೀಕ್ಷೆಯಲ್ಲಿ ನನಗೆ ಬರುವ ಅಂಕ ಸೊನ್ನೆ ಎಂಬುದು ಮೊನ್ನೆಯವರೆಗೆ ನನಗೇ ತಿಳಿದಿರಲಿಲ್ಲ.

ನಡೆದುದಿಷ್ಟು. ನಮ್ಮ ಮನೆಯಾಕೆಯ ಬಲಗೈಯ ಮಣಿಕಟ್ಟು ಕೆಲವು ತಿಂಗಳುಗಳಿಂದ ನೋಯುತ್ತಿದೆ. ಮೊದಮೊದಲು ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಂಡು ದಿನ ಕಳೆದಳು. ಕೊನೆಗೆ ವೈದ್ಯರ ಬಳಿಗೆ ಹೋದಾಗ ಅವರು ಕೈಯನ್ನು ಒತ್ತಿ ನೋಡಿ, ‘ಮೂರು ತಿಂಗಳು ರೊಟ್ಟಿ ಬಡಿಯುವುದನ್ನು ಬಿಡಬೇಕು’ ಎಂದು ಅಪ್ಪಣೆ ಮಾಡಿದರು. ಅಂದು ರಾತ್ರಿ ನಾನು ಸುಮ್ಮನೆ ಲೆಕ್ಕ ಹಾಕಿದೆ. ದಿನಕ್ಕೆ ಸರಾಸರಿ ಹನ್ನೆರಡು ರೊಟ್ಟಿಯೆಂದು ಹಿಡಿದರೂ ವರ್ಷಕ್ಕೆ 4,380. ನಲವತ್ತು ವರ್ಷದ ಸಂಸಾರದಲ್ಲಿ 1,75,200. ಹಬ್ಬ ಹುಣ್ಣಿಮೆಗಳ, ಬಂದುಹೋಗುವ ನಂಟರ ಲೆಕ್ಕ ಇದರಲ್ಲಿ ಸೇರಿಲ್ಲ. ಒಂದೊಂದು ರೊಟ್ಟಿಗೂ ಎಷ್ಟು ಸಲ ಅಂಗೈ ಹಲಗೆಯ ಮೇಲೆ ಬಿದ್ದಿರಬೇಕು! ನಾನು ನಲವತ್ತು ವರ್ಷ ಆ ಸಪ್ಪಳವನ್ನು ಕೇಳಿಕೊಂಡು ಮುಂಜಾನೆಯ ಪತ್ರಿಕೆಯನ್ನು ಓದಿದ್ದೇನೆ. ಅದೂ ಒಂದು ದುಡಿಮೆಯ ಸಪ್ಪಳವೆಂದು ಒಮ್ಮೆಯೂ ನನಗೆ ತೋರಿರಲಿಲ್ಲ.

ಹೀಗಾಗಿ ಕೈಯಲ್ಲಿ ಚೀಲ ಹಿಡಿದು ರೊಟ್ಟಿ ಕೊಳ್ಳಲು ನಾನು ಹೊರಟೆ. ಅಂಗಡಿಯ ಒಂದು ಮಗ್ಗುಲಿಗೆ ಬೇಕರಿಯ ಬ್ರೆಡ್ಡು, ಇನ್ನೊಂದು ಮಗ್ಗುಲಿಗೆ ಜೋಳದ ರೊಟ್ಟಿಯ ಕಟ್ಟುಗಳು. ನಮ್ಮ ಬಾಲ್ಯದಲ್ಲಿ ಬ್ರೆಡ್ಡು ಎಂದರೆ ಜ್ವರ ಬಂದವರ ಪಥ್ಯ. ಹಾಲಿನಲ್ಲಿ ಅದ್ದಿ ತಿನ್ನುವ ಆಸೆಗಾಗಿ ಸುಳ್ಳು ಜ್ವರವನ್ನು ನಟಿಸಿದ ಹುಡುಗರೂ ಇದ್ದರು. ಈಗ ಅದು ಎಲ್ಲರ ಮನೆಯ ಮುಂಜಾನೆಯ ಅವಸರದ ತಿಂಡಿ. ಅದನ್ನು ಆರಿಸುವುದು ಸುಲಭ. ಕಾಗದದ ಮೇಲೆ ತಯಾರಾದ ದಿನ, ಉಪಯೋಗಿಸಬೇಕಾದ ಅವಧಿ, ಬೆಲೆ, ತಯಾರಿಸಿದವರ ವಿಳಾಸ ಎಲ್ಲವೂ ಅಚ್ಚಾಗಿರುತ್ತವೆ. ಓದಲು ಬಂದರೆ ಸಾಕು. ರೊಟ್ಟಿಯ ಕಟ್ಟಿನ ಮೇಲೆ ಮಾತ್ರ ಒಂದು ಅಕ್ಷರವೂ ಇರಲಿಲ್ಲ.

‘ಇವು ಯಾವತ್ತಿನ ರೊಟ್ಟಿ?’ ಎಂದು ಕೇಳಿದೆ.

‘ತಾಜಾ ಅದಾವ, ತಗೋರಿ ಸರ.’

‘ತಾಜಾ ಅಂದರ ಯಾವತ್ತಿನವು?’

‘ನಿನ್ನೆ ಇಲ್ಲಾ ಮೊನ್ನೆ ಬಂದಿರಬೇಕ್ರಿ.’

ನಾನು ಒಂದು ಕಟ್ಟನ್ನು ಎತ್ತಿದೆ, ಇಟ್ಟೆ. ಇನ್ನೊಂದನ್ನು ಎತ್ತಿದೆ, ಇಟ್ಟೆ. ಬೆಲ್ಲ ಕೊಳ್ಳಲು ಬಂದಿದ್ದ ಮುದುಕಿಯೊಬ್ಬಳು ನನ್ನ ಈ ಕಸರತ್ತನ್ನು ನೋಡಿ ತಡೆಯಲಾರದೆ, ‘ಯಪ್ಪಾ, ಬರೇ ಕಣ್ಣೀಲೆ ನೋಡಿದರ ರೊಟ್ಟಿ ತಿಳೀದು. ಕಿವೀಲೆ ಕೇಳಬೇಕು, ಮೂಗಿಲೆ ನೋಡಬೇಕು’ ಎಂದಳು. ಹಾಗೆಂದವಳೇ ಅಂಗಡಿಯವನ ಅಪ್ಪಣೆಗೆ ಕಾಯದೆ ಖಡಕ್ ರೊಟ್ಟಿಯೊಂದರ ಅಂಚನ್ನು ಮುರಿದಳು. ಕಟ್ಟೆಂದು ಸದ್ದಾಯಿತು. ಆ ಚೂರನ್ನು ಮೂಗಿಗೆ ಹಿಡಿದಳು, ನಾಲಗೆಯ ಮೇಲಿಟ್ಟುಕೊಂಡಳು, ರೊಟ್ಟಿಯನ್ನು ಬೆಳಕಿಗೆ ಎತ್ತಿ ನೋಡಿದಳು. ‘ಇದನ್ನ ಒಯ್ಯಿ. ಆ ಕಡಿದು ಬ್ಯಾಡ, ಅದರ ಹಿಟ್ಟು ಹಳೇದು’ ಎಂದು ತೀರ್ಪು ಕೊಟ್ಟು, ತನ್ನ ಬೆಲ್ಲವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟುಹೋದಳು.

ಆ ಅರ್ಧ ನಿಮಿಷದ ಪಾಠವನ್ನು ಬಿಡಿಸಿ ಅರ್ಥಮಾಡಿಕೊಳ್ಳಲು ನನಗೆ ಹಲವು ದಿನ ಬೇಕಾದವು. ಓದುಗರೂ ನನ್ನಂತೆಯೇ ಎಂದಾದರೊಮ್ಮೆ ರೊಟ್ಟಿ ಕೊಳ್ಳಬೇಕಾದವರೆಂದು ಭಾವಿಸಿ ತಿಳಿದುದನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದಾಗಿ, ರೊಟ್ಟಿಯಲ್ಲಿ ‘ತಾಜಾ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಬಿಸಿ ರೊಟ್ಟಿಗೆ ಬಾಳು ಒಂದು ಹೊತ್ತು, ಹೆಚ್ಚೆಂದರೆ ಒಂದು ದಿನ. ಹಂಚಿನ ಮೇಲಿಂದ ಇಳಿದಾಗ ಅರಿವೆಯಂತೆ ಮಡಿಸಿಕೊಳ್ಳುವ ಅದು ಆರಿದಂತೆ ಬಿರುಸಾಗುತ್ತದೆ. ನೀರು ಆರಿಹೋದುದರಿಂದಲೇ ಹೀಗಾಗುತ್ತದೆಂದು ನಾವೆಲ್ಲ ತಿಳಿದಿದ್ದೇವೆ. ಅದು ಪೂರ್ಣಸತ್ಯವಲ್ಲ. ಫ್ರಾನ್ಸಿನ ರಸಾಯನಶಾಸ್ತ್ರಜ್ಞನಾದ ಬೂಸೆಂಗೊ ಎಂಬವನು 1852ರಲ್ಲಿಯೇ, ಗಾಳಿಯಾಡದಂತೆ ಮುಚ್ಚಿಟ್ಟು ನೀರು ಹೋಗಗೊಡದಿದ್ದರೂ ಬ್ರೆಡ್ಡು ಹಳತಾಗಿಯೇ ತೀರುತ್ತದೆ, ಮತ್ತೆ ಕಾಯಿಸಿದರೆ ಕೆಲಹೊತ್ತು ಮೆತ್ತಗಾಗುತ್ತದೆ ಎಂದು ತೋರಿಸಿದನು. ಬೆಂದಾಗ ಸಡಿಲಗೊಂಡ ಪಿಷ್ಟವು ಆರುತ್ತ ಆರುತ್ತ ಮತ್ತೆ ಒತ್ತಾಗಿ ಕೂಡಿಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ. ತಂಪುಪೆಟ್ಟಿಗೆಯಲ್ಲಿಟ್ಟರೆ ಈ ಕೆಲಸ ಇನ್ನೂ ಬೇಗನೆ ನಡೆಯುತ್ತದೆ. ಗೋದಿಯ ಬ್ರೆಡ್ಡಿಗೆ ಸಲ್ಲುವ ಈ ಮಾತು ಜೋಳದ ರೊಟ್ಟಿಗೂ ಸಲ್ಲುತ್ತದೆ. ತಂಗಳು ರೊಟ್ಟಿಯನ್ನು ಹಂಚಿನ ಮೇಲೆ ಬಿಸಿ ಮಾಡಿ ಕೊಡುತ್ತಿದ್ದ ನಮ್ಮ ಅವ್ವಂದಿರು ಬೂಸೆಂಗೊನ ಹೆಸರನ್ನು ಕೇಳದೆಯೇ ಅವನ ತತ್ತ್ವವನ್ನು ಆಚರಿಸುತ್ತಿದ್ದರು. ಬಿಸಿ ರೊಟ್ಟಿಯನ್ನು ಕೊಳ್ಳುವಾಗ ಮಾಡಬೇಕಾದುದು ಒಂದೇ: ನಾಲ್ಕು ಮಡಿಕೆ ಮಾಡಿ ನೋಡುವುದು. ಮಡಿಕೆಯಲ್ಲಿ ಬಿರುಕು ಬಿಡದಿದ್ದರೆ ಅದು ಇಂದಿನದು. ಆದರೆ ಬಿಸಿಯಿದ್ದಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದರೆ ತನ್ನ ಬೆವರಿನಲ್ಲಿ ತಾನೇ ನೆನೆದು ಅಂಟಂಟಾಗಿರುತ್ತದೆ. ಅಂಥದನ್ನು ಬಿಡುವುದು ಒಳಿತು.

ಖಡಕ್ ರೊಟ್ಟಿಯ ಧರ್ಮ ಬೇರೆ. ಅದನ್ನು ತೆಳ್ಳಗೆ ಬಡಿದು, ಹದವಾದ ಉರಿಯಲ್ಲಿ ನೀರಿನಂಶ ಉಳಿಯದಂತೆ ಬೇಯಿಸಿರುತ್ತಾರೆ. ಥಂಡಿ ತಗುಲದಂತೆ ಇಟ್ಟರೆ ವಾರಗಟ್ಟಲೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಹೊಲದ ಸುಗ್ಗಿಗೆ, ದೂರದ ಯಾತ್ರೆಗೆ, ಪರಸ್ಥಳದಲ್ಲಿ ಓದುವ ಮಗನ ಡಬ್ಬಿಗೆ ಇದೇ ಬುತ್ತಿ. ನಿನ್ನೆಯದೋ ಮೊನ್ನೆಯದೋ ಎಂದು ಇದನ್ನು ಕೇಳುವುದರಲ್ಲಿ ಅರ್ಥವಿಲ್ಲ. ಕೇಳಬೇಕಾದುದು ಹಿಟ್ಟಿನ ವಯಸ್ಸನ್ನು. ಮುದುಕಿ ಮೂಗಿಗೆ ಹಿಡಿದು ನೋಡಿದ್ದು ಅದಕ್ಕೆ.

ಜೋಳದಲ್ಲಿ ಗೋದಿಯಲ್ಲಿರುವ ಅಂಟು ಇಲ್ಲ. ಆದುದರಿಂದಲೇ ಗೋದಿಯ ಹಿಟ್ಟನ್ನು ತಣ್ಣೀರಿನಲ್ಲಿ ಕಲೆಸಿ ಲಟ್ಟಿಸಬಹುದು, ಜೋಳದ ಹಿಟ್ಟಿಗೆ ಕುದಿಯುವ ಎಸರು ಬೇಕು. ಆ ಬಿಸಿಯಲ್ಲಿ ಪಿಷ್ಟವು ಅರೆಬೆಂದು ಅಂಟಾಗಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ನಮ್ಮ ಕಡೆಯ ಹೆಂಗಸರು ಇದನ್ನೇ ‘ಜಿಗಿ’ ಎನ್ನುತ್ತಾರೆ. ಗಿರಣಿಯಿಂದ ಬಂದ ಹಿಟ್ಟು ಬಹಳ ದಿನ ಕುಳಿತರೆ ಜಿಗಿ ಹೋಗುತ್ತದೆ. ಕಾಳಿನೊಳಗಿನ ಎಣ್ಣೆಯಂಶ ಕೆಟ್ಟು ರುಚಿ ಕಹಿಗೆ ತಿರುಗುತ್ತದೆ. ಅಂಥ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಅಂಚು ಸೀಳುತ್ತದೆ. ಆದುದರಿಂದ ಅಂಚಿನಲ್ಲಿ ಸೀಳುಗಳಿರುವ ರೊಟ್ಟಿಯನ್ನು ಕಂಡರೆ ಹಿಟ್ಟು ಮುದಿಯಾಗಿತ್ತೆಂದು, ಇಲ್ಲವೆ ಎಸರು ಸಾಲದಾಯಿತೆಂದು ತಿಳಿಯಬೇಕು. ಮುಗ್ಗಲು ವಾಸನೆಯಿದ್ದರೆ ಥಂಡಿ ತಗುಲಿದೆ. ಮುರಿಯುವ ಬದಲು ಬಾಗಿದರೂ ಅದೇ ಮಾತು. ಬೆಳಕಿಗೆ ಹಿಡಿದಾಗ ನಡುವೆಯೂ ಅಂಚಿನಲ್ಲಿಯೂ ಒಂದೇ ತೆಳುವಿದ್ದರೆ ಬಡಿದ ಕೈ ಪಳಗಿದ ಕೈ. ಉಬ್ಬಿ ಎರಡು ಪದರಾಗಿ ಬೆಂದಿದ್ದರೆ, ಮೇಲೆ ನೀರರಿವೆಯನ್ನು ಸವರಿದ ಹೊತ್ತು ಸರಿಯಾಗಿತ್ತು. ಕರಿಯ ಸುಟ್ಟ ಕಲೆಗಳು ಅವಸರದ ಉರಿಯನ್ನು ಹೇಳುತ್ತವೆ.

ಇನ್ನು ಬಣ್ಣದ ಮಾತು. ಬೆಳ್ಳಗಿರುವುದೆಲ್ಲ ಒಳ್ಳೆಯದೆಂದು ನಂಬಿ ಮೋಸಹೋಗುವವರೇ ಹೆಚ್ಚು. ನಮ್ಮ ಎರೆಮಣ್ಣಿನ ಹಿಂಗಾರಿ ಬಿಳಿಜೋಳದ ರೊಟ್ಟಿಗೆ ಮುತ್ತಿನ ಬಣ್ಣವಿರುತ್ತದೆ, ಸುಣ್ಣದ ಬಣ್ಣವಲ್ಲ. ಸೊಲ್ಲಾಪುರ ಸೀಮೆಯ ಮೊಹೋಳದಲ್ಲಿ ನಾಡತಳಿಯಿಂದ ಆಯ್ದು ಬೆಳೆಸಿದ ಎಂ. 35-1 ಎಂಬ ಮಾಲ್ದಂಡಿ ಜೋಳವು ಹಲವು ದಶಕಗಳಿಂದ ಈ ಸೀಮೆಯ ರೊಟ್ಟಿಗೆ ಅಳತೆಗೋಲಾಗಿ ನಿಂತಿದೆ. ಮಳೆಗಾಲದ ಕೊನೆಗೆ ಬಿತ್ತಿ, ನೆಲದೊಳಗೆ ಉಳಿದ ಹಸಿಯ ಮೇಲೆಯೇ ಬೆಳೆದು, ಚಳಿಯಲ್ಲಿ ಕಾಳು ಕಟ್ಟುವ ಬೆಳೆ ಅದು. ಎಳೆಯ ತೆನೆಯ ಸೀತನಿಯನ್ನು ಹೊಲದಲ್ಲಿ ಕುಳಿತು ತಿಂದವನಿಗೆ, ರೊಟ್ಟಿಯ ಚೂರನ್ನು ನಾಲಗೆಯ ಮೇಲೆ ಇಟ್ಟಾಗ ಕೊನೆಗೆ ಮೂಡುವ ಒಂದು ಸಣ್ಣ ಸವಿಯ ಗುರುತು ಹತ್ತೀತು. ಅಕ್ಕಿಹಿಟ್ಟನ್ನೋ ಮೈದಾವನ್ನೋ ಬೆರೆಸಿದರೆ ಬಿಳುಪು ಬಂದೀತು, ಆ ಸವಿ ಬಾರದು. ಈಗ ಅದೇ ಹೊಲಗಳಲ್ಲಿ ಕಡಲೆ, ಗೋವಿನಜೋಳಗಳು ಮುಂದೆ ಬಂದಿವೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಪಟ್ಟಣಗಳಲ್ಲಿ ಜೋಳಕ್ಕೆ ಹೊಸ ಮರ್ಯಾದೆ ಬಂದಿತು. ನಮ್ಮ ಸೀಮೆಯಲ್ಲಿ ಅದರ ಮರ್ಯಾದೆಗೆ ವರ್ಷ ಸಾರಬೇಕಾಗಿರಲಿಲ್ಲ. ಅದನ್ನು ಬೆಳೆದವನಿಗೂ ಬಡಿದವಳಿಗೂ ಆ ಮರ್ಯಾದೆಯಲ್ಲಿ ಪಾಲು ಎಷ್ಟು ಬಂದಿತೆಂಬುದೇ ಪ್ರಶ್ನೆ.

ನಾನು ಹೇಳಬೇಕೆಂದಿರುವುದು ಈ ಪ್ರಶ್ನೆಯನ್ನೇ. ರೊಟ್ಟಿಯನ್ನು ಕೊಂಡು ತಂದುದನ್ನು ಕೇಳಿ ನನ್ನ ಹಿರಿಯ ಮಿತ್ರರೊಬ್ಬರು ನಿಟ್ಟುಸಿರು ಬಿಟ್ಟರು. ‘ರೊಟ್ಟೀನೂ ಅಂಗಡಿಗೆ ಬಂತಂದರ ಮನೀ ಅನ್ನೋದು ಮುಗೀತು’ ಎಂದರು. ಈ ಬಗೆಯ ವಿಷಾದವನ್ನು ನಮ್ಮ ಸಾಹಿತ್ಯದ ಸಭೆಗಳಲ್ಲಿಯೂ ನಾನು ಬಹಳ ಕೇಳಿದ್ದೇನೆ. ಆದರೆ ವಿಷಾದಪಡುವವರಲ್ಲಿ ಬಹುಮಂದಿ ಜನ್ಮದಲ್ಲಿ ಒಂದು ರೊಟ್ಟಿಯನ್ನೂ ಬಡಿದವರಲ್ಲ. ಬೀಸುವ ಕಲ್ಲು ಹೋದಾಗಲೂ ಹೀಗೆಯೇ ಆಯಿತು. ಬೀಸುವ ಪದಗಳನ್ನು ಹಲಸಂಗಿಯ ಗೆಳೆಯರು ಕೇಳಿ ಕೇಳಿ ಬರೆದುಕೊಂಡು ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ನಾಡಿಗೆ ಕೊಟ್ಟರು. ಅದು ಕನ್ನಡದ ಭಾಗ್ಯ. ಗಿರಣಿ ಬಂದ ಮೇಲೆ ಆ ಪದಗಳು ನಿಂತುಹೋದವೆಂದು ನಾವು ಮರುಗಿದೆವು. ನಸುಕಿನಲ್ಲೆದ್ದು ಸೇರುಗಟ್ಟಲೆ ಬೀಸಿದ ಹೆಂಗಸರು ಮಾತ್ರ ಕಲ್ಲನ್ನು ಮರಳಿ ಕೊಡಿರೆಂದು ಕೇಳಿದುದನ್ನು ನಾನು ಕಾಣೆ. ಹಾಡು ನಮಗೆ ಬೇಕಾಗಿತ್ತು, ಬೀಸುವ ಭಾರ ಅವರ ಮೇಲಿತ್ತು. ರೊಟ್ಟಿ ಅಂಗಡಿಗೆ ಬಂದುದಕ್ಕೆ ಮರುಗುವಾಗಲೂ ನೋಯುವ ಮಣಿಕಟ್ಟು ಯಾರದು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಅದೂ ಅಲ್ಲದೆ, ರೊಟ್ಟಿಯು ಹೊಸಿಲು ದಾಟಿದುದು ಇಂದು ನಿನ್ನೆಯಲ್ಲ. ಬೆಟಗೇರಿಯ ಸಾವಜಿ ಖಾನಾವಳಿಗಳಲ್ಲಿ, ಗದುಗಿನ ಲಿಂಗಾಯತ ಖಾನಾವಳಿಗಳಲ್ಲಿ ಪರಊರಿನ ವ್ಯಾಪಾರಿಗಳೂ ವಿದ್ಯಾರ್ಥಿಗಳೂ ಕೊಂಡ ರೊಟ್ಟಿಯನ್ನೇ ಉಂಡು ಬಾಳಿದ್ದಾರೆ. ಮುಂಡರಗಿ ತಾಲೂಕಿನ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಯ ಸಮಯಕ್ಕೆ ನಡೆಯುವ ರೊಟ್ಟಿ ಜಾತ್ರೆಯನ್ನು ನೋಡಿದವರು ಬಲ್ಲರು. ಊರ ಮನೆಮನೆಗಳಲ್ಲಿ ಬಡಿದ ಖಡಕ್ ರೊಟ್ಟಿಗಳು ಒಂದೆಡೆಗೆ ಬಂದು ಸೇರುತ್ತವೆ. ಜಾತಿಮತಗಳನ್ನು ಎಣಿಸದೆ ಜನ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ರೊಟ್ಟಿಗಳು ಬಂಡಿಗಟ್ಟಲೆ ಬರುತ್ತವೆ. ಅಲ್ಲಿ ಯಾರ ಮನೆಯ ರೊಟ್ಟಿ ಯಾರ ತಾಟಿಗೆ ಬಿದ್ದಿತೆಂದು ಯಾರೂ ಕೇಳುವುದಿಲ್ಲ. ಪರರ ಕೈಯ ರೊಟ್ಟಿಯನ್ನು ಉಣ್ಣುವುದು ನಮ್ಮ ಸೀಮೆಗೆ ಹೊಸತಲ್ಲ, ಅವಮಾನವಂತೂ ಅಲ್ಲವೇ ಅಲ್ಲ.

ಆದರೆ ದಾಸೋಹಕ್ಕೂ ಅಂಗಡಿಗೂ ಒಂದು ಅಂತರವಿದೆ. ದಾಸೋಹದಲ್ಲಿ ಕೈಯ ಹೆಸರು ಕೇಳದಿರುವುದು ಭಕ್ತಿ. ಅಂಗಡಿಯಲ್ಲಿ ಕೇಳದಿರುವುದು ಅಲಕ್ಷ್ಯ. ಮುಂದಿನ ವಾರ ಅದೇ ಅಂಗಡಿಗೆ ಹೋದಾಗ ನಾನು ಇನ್ನೊಂದು ದೃಶ್ಯವನ್ನು ಕಂಡೆ. ಒಳ್ಳೆಯ ಉಡುಪಿನ ಗೃಹಸ್ಥರೊಬ್ಬರು ಬ್ರೆಡ್ಡಿನ ಪೊಟ್ಟಣದ ಮೇಲೆ ಅಚ್ಚಾಗಿದ್ದ ಬೆಲೆಯನ್ನು ಓದಿ ತುಟಿಪಿಟಕ್ಕೆನ್ನದೆ ಹಣವನ್ನಿಟ್ಟರು. ಆಮೇಲೆ ರೊಟ್ಟಿಯ ಕಟ್ಟನ್ನು ಕೈಗೆತ್ತಿಕೊಂಡು, ‘ಹತ್ತು ರೊಟ್ಟಿಗೆ ಇಷ್ಟ್ಯಾಕ? ಕಡಿಮಿ ಮಾಡಿ ಕೊಡು’ ಎಂದು ಚೌಕಾಸಿಗೆ ನಿಂತರು. ನನಗೆ ನಗೆ ಬರಲಿಲ್ಲ, ಏಕೆಂದರೆ ಹಿಂದಿನ ವಾರ ನಾನೂ ಅದನ್ನೇ ಮಾಡಿದ್ದೆ. ಯಂತ್ರದಿಂದ ಬಂದುದರ ಬೆಲೆ ಅಚ್ಚಾಗಿದ್ದರೆ ಅದು ವಿಧಿಲಿಖಿತ. ಕೈಯಿಂದ ಬಂದುದರ ಬೆಲೆ ಬಾಯಿಮಾತಿನದಾದರೆ ಅದನ್ನು ಎಷ್ಟು ಬೇಕಾದರೂ ಇಳಿಸಬಹುದೆಂದು ನಮ್ಮ ಭಾವನೆ. ಆ ಎರಡು ರೂಪಾಯಿ ಇಳಿದಾಗ ಅದು ಅಂಗಡಿಯವನ ಗಲ್ಲಾದಿಂದ ಇಳಿಯುವುದಿಲ್ಲ. ಯಾವುದೋ ಓಣಿಯಲ್ಲಿ, ಬಿಸಿಲುಕಾಲದ ಮಧ್ಯಾಹ್ನವೂ ಉರಿಯ ಮುಂದೆ ಕುಳಿತವಳ ಕೂಲಿಯಿಂದ ಇಳಿಯುತ್ತದೆ.

ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತೊಂದುಂಟು. ಒಡೆಯನ ಜೋಳವನ್ನುಂಡವನು ಆ ಋಣವನ್ನು ರಣದಲ್ಲಿ ಪ್ರಾಣ ಕೊಟ್ಟಾದರೂ ತೀರಿಸಬೇಕೆಂಬುದು ಅದರ ತಾತ್ಪರ್ಯ. ಅನ್ನದ ಋಣಕ್ಕೆ ನಮ್ಮ ಹಿರಿಯರು ಅಕ್ಕಿಯ ಹೆಸರನ್ನಾಗಲಿ ಗೋದಿಯ ಹೆಸರನ್ನಾಗಲಿ ಇಡದೆ ಜೋಳದ ಹೆಸರನ್ನೇ ಇಟ್ಟರೆಂಬುದು ವಿಚಾರಿಸತಕ್ಕ ಸಂಗತಿ. ನಮ್ಮ ಊರಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಹಾಡಿದ ಕುಮಾರವ್ಯಾಸನ ಕರ್ಣನು, ತಾನು ಪಾಂಡವರ ಅಗ್ರಜನೆಂದು ಕೃಷ್ಣನಿಂದಲೇ ತಿಳಿದ ಮೇಲೂ ಸಾಕಿದ ಒಡೆಯನನ್ನು ಬಿಡಲಿಲ್ಲ. ಆ ಪ್ರಸಂಗವನ್ನು ಪಾಠ ಹೇಳುವಾಗ ನಾನು ಗದ್ಗದನಾದುದುಂಟು. ಆದರೆ ಈಗ ಒಂದು ಸಂದೇಹ ಬರುತ್ತದೆ. ಒಡೆಯನ ಜೋಳವೆಂದು ಹೇಳುತ್ತ ಬಂದೆವಲ್ಲ, ಆ ಜೋಳವನ್ನು ಬಿತ್ತಿದವನು ಒಡೆಯನೆ? ಬೀಸಿದವಳು, ಬಡಿದು ಬೇಯಿಸಿದವಳು ಯಾರು? ಪ್ರಾಣವನ್ನೇ ಕೊಟ್ಟು ತೀರಿಸಿದ ಋಣವು ಉಗ್ರಾಣದ ಬಾಗಿಲಿಗೆ ಸಂದಿತು. ಒಲೆಯ ಮುಂದೆ ಕುಳಿತವಳವರೆಗೆ ಅದು ಬರಲೇ ಇಲ್ಲ. ಮನೆಯಲ್ಲಿ ಅವಳು ತಾಯಿ ಅಥವಾ ಹೆಂಡತಿ, ಆದುದರಿಂದ ಅವಳ ಲೆಕ್ಕವನ್ನು ನಾವು ಬರೆಯಲಿಲ್ಲ. ಅಂಗಡಿಯಲ್ಲಿ ಅವಳು ಕಾಣಿಸುವುದೇ ಇಲ್ಲ, ಆದುದರಿಂದ ಅಲ್ಲಿಯೂ ಬರೆಯುವುದಿಲ್ಲ.

ಇದಕ್ಕೆ ಪರಿಹಾರ ದೊಡ್ಡದೇನೂ ಅಲ್ಲ. ಒಂದೊಂದು ಕಟ್ಟಿನ ಮೇಲೂ ಒಂದು ಸಣ್ಣ ಚೀಟಿ ಇರಲಿ. ಹಿಟ್ಟು ಬೀಸಿದ ದಿನ, ರೊಟ್ಟಿ ಬೇಯಿಸಿದ ದಿನ, ಬಡಿದವರ ಅಥವಾ ಅವರ ಸಂಘದ ಹೆಸರು, ಬೆಲೆ ಇಷ್ಟು ಬರೆದಿರಲಿ. ಮುದುಕಿಯ ಕಿವಿ ಮೂಗುಗಳು ಇಲ್ಲದ ನನ್ನಂಥವರಿಗೆ ಅದರಿಂದ ಆಯ್ಕೆ ಸುಲಭವಾಗುತ್ತದೆ. ಒಳ್ಳೆಯ ಕೈಗೆ ಒಳ್ಳೆಯ ಹೆಸರು ಬರುತ್ತದೆ, ಹೆಸರು ಬಂದ ಕೈಗೆ ಬೆಲೆ ಬರುತ್ತದೆ. ‘ಇದರಿಂದ ರೊಟ್ಟಿಯ ದರ ಏರದೆ?’ ಎಂದು ಕೇಳುವವರಿದ್ದಾರೆ. ಏರೀತು, ಅಷ್ಟಿಷ್ಟು ಏರಬೇಕಾದುದೇ. ‘ಬಡಿಯುವ ಯಂತ್ರಗಳು ಬಂದಿವೆ, ಇನ್ನು ಕೈಯ ಮಾತೇಕೆ?’ ಎನ್ನುವವರೂ ಇದ್ದಾರೆ. ಯಂತ್ರ ಬರಲಿ. ನೋವು ಕಡಿಮೆಯಾಗುವುದಾದರೆ ನಾನು ಅದಕ್ಕೆ ವಿರೋಧಿಯಲ್ಲ. ಆದರೆ ಯಂತ್ರದ ರೊಟ್ಟಿ ಯಂತ್ರದ್ದೆಂದು, ಕೈಯ ರೊಟ್ಟಿ ಕೈಯದೆಂದು ಕೊಳ್ಳುವವನಿಗೆ ತಿಳಿಯಬೇಕು.

ಸಂಘದ ಮಾತನ್ನು ನಾನು ಸುಮ್ಮನೆ ಎತ್ತಲಿಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲಿ ಹುಟ್ಟಿದ ಪತ್ತಿನ ಸಂಘವು ನಮ್ಮ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲೊಂದು. ಸಾಲಗಾರನ ಮನೆಯ ಬಾಗಿಲಲ್ಲಿ ಒಬ್ಬೊಬ್ಬನಾಗಿ ಕೈಕಟ್ಟಿ ನಿಲ್ಲುತ್ತಿದ್ದ ಒಕ್ಕಲಿಗನು ಹತ್ತು ಜನರೊಡನೆ ಕೂಡಿದಾಗ ತಲೆಯೆತ್ತಿ ನಿಲ್ಲಬಹುದೆಂದು ಆ ಹಳ್ಳಿ ತೋರಿಸಿಕೊಟ್ಟಿತು. ಒಕ್ಕಲಿಗನಿಗೆ ಸಲ್ಲುವ ನ್ಯಾಯ ರೊಟ್ಟಿ ಬಡಿಯುವವಳಿಗೆ ಸಲ್ಲದೆ? ಅಲ್ಲಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಈ ಕೆಲಸಕ್ಕೆ ಕೈಹಚ್ಚಿದ್ದಾರೆ. ಅವರ ಕಟ್ಟಿನ ಮೇಲಿನ ಹೆಸರನ್ನು ಓದಿ, ಕೇಳಿದ ಬೆಲೆಯನ್ನು ಕೊಟ್ಟು ಕೊಳ್ಳುವುದು ನಮ್ಮ ಪಾಲಿನ ಕೆಲಸ.

ಅಂದು ಮುದುಕಿ ಆರಿಸಿಕೊಟ್ಟ ಕಟ್ಟನ್ನು ಮನೆಗೆ ಒಯ್ದಾಗ ನಮ್ಮ ಮನೆಯಾಕೆ ಮುಖ ಸಿಂಡರಿಸಿದಳು. ಕೊಂಡ ರೊಟ್ಟಿ ಅವಳ ಅಡಿಗೆಮನೆಗೆ ಬಂದದ್ದು ಅದೇ ಮೊದಲು. ಎಡಗೈಯಿಂದ ಒಂದನ್ನು ಎತ್ತಿಕೊಂಡು ಅಂಚನ್ನು ಮುರಿದಳು, ಮೂಸಿದಳು, ಬೆಳಕಿಗೆ ಹಿಡಿದಳು. ಪರೀಕ್ಷೆಯ ಕ್ರಮದಲ್ಲಿ ಮುದುಕಿಗೂ ಅವಳಿಗೂ ಒಂದೆಳೆಯ ವ್ಯತ್ಯಾಸವಿರಲಿಲ್ಲ. ತುಸುಹೊತ್ತು ಸುಮ್ಮನಿದ್ದು, ‘ಕೈ ಚಲೋ ಐತಿ’ ಎಂದಳು. ಆಮೇಲೆ ಕೇಳಿದಳು: ‘ಯಾರ ಕೈಯಂತ?’

ನಾನು ಕೇಳಿಕೊಂಡು ಬಂದಿರಲಿಲ್ಲ.